ಒಂದೇ ಮನೆ, ಎರಡು ಫೈಲು: ಅಮೆರಿಕದ ಬುಡಕಟ್ಟುಗಳ ಒಂದು ಸಣ್ಣ ಗ್ರ್ಯಾಂಟ್

ಅಮೆರಿಕದ ಫೆಡರಲ್ ಸರ್ಕಾರ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ ಒಂದು ಗ್ರ್ಯಾಂಟ್ ಕೊಡುತ್ತೆ, ಬುಡಕಟ್ಟಿನ ಕುಟುಂಬ ನೆರವು ಮತ್ತು ಮಕ್ಕಳ ಕಲ್ಯಾಣ ಸೇವೆಗಳನ್ನ ಒಟ್ಟಿಗೆ ನಡೆಸೋಕೆ ಅಂತ. ಹೆಸರು ಕೇಳಿದ್ರೇ ಆಕಳಿಕೆ ಬರುತ್ತೆ ನಿಜ. ಆದ್ರೆ ಇದರ ಒಳಗೆ ಕೂತಿರೋ ಸಮಸ್ಯೆ ನನ್ನನ್ನ ಬಿಡ್ತಾನೇ ಇಲ್ಲ, ಅದಕ್ಕೇ ಬರೀತಿದೀನಿ.

1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನಿಂದ ಹಳೇ ವೆಲ್ಫೇರ್ ಪದ್ಧತಿ ಹೋಗಿ ಟ್ಯಾನ್ಫ್ ಅಂತ ಬಂತು, ಅಂದ್ರೆ ಬಡ ಕುಟುಂಬಗಳಿಗೆ ತಾತ್ಕಾಲಿಕ ನೆರವು, ಕೆಲಸ ಹುಡುಕಬೇಕು, ತರಬೇತಿಗೆ ಹೋಗಬೇಕು, ಸಾಮಾನ್ಯವಾಗಿ 60 ತಿಂಗಳಿಗಿಂತ ಹೆಚ್ಚು ಸಿಗಲ್ಲ ಅನ್ನೋ ಷರತ್ತುಗಳ ಜೊತೆ. ಅದೇ ಕಾನೂನಲ್ಲಿ ಬುಡಕಟ್ಟುಗಳು ರಾಜ್ಯ ಸರ್ಕಾರದ ಕೈ ಕಾಯದೆ ಈ ಕಾರ್ಯಕ್ರಮವನ್ನ ತಾವೇ ನಡೆಸಬಹುದು ಅಂತಲೂ ಬರೆದ್ರು. ನವಾಹೋ ನೇಷನ್ ಥರದ ದೊಡ್ಡವರು ನಡೆಸ್ತಾರೆ, ಅಲಾಸ್ಕಾದಲ್ಲಿ ಹತ್ತಾರು ಹಳ್ಳಿಗಳ ಪರವಾಗಿ ಟನಾನಾ ಚೀಫ್ಸ್ ಕಾನ್ಫರೆನ್ಸ್ ಥರದ ಒಕ್ಕೂಟಗಳೂ ನಡೆಸ್ತವೆ.

ಮಕ್ಕಳ ರಕ್ಷಣೆ ಮಾತ್ರ ಪೂರ್ತಿ ಬೇರೆ ದಾರಿ. ಬೇರೆ ಕಾನೂನಿನ ಕಲಮು, ಬೇರೆ ಅರ್ಜಿ, ಬೇರೆ ರಿಪೋರ್ಟು, ಬೇರೆ ಕೇಸ್ ವರ್ಕರ್. ಮನೆ ಮಾತ್ರ ಒಂದೇ!

ಹೇಗಾಗುತ್ತೆ ನೋಡಿ. ಒಬ್ಬ ತಾಯಿ ಟ್ಯಾನ್ಫ್ ಆಫೀಸಿನ ತರಬೇತಿಗೆ ಬರೋದು ತಪ್ಪಿಸ್ತಾಳೆ, ಕಾರು ಕೆಟ್ಟಿದೆ, ರಿಸರ್ವೇಶನ್ನಲ್ಲಿ, ಅಂದ್ರೆ ಬುಡಕಟ್ಟುಗಳಿಗೆ ಮೀಸಲಿಟ್ಟ ಪ್ರದೇಶದಲ್ಲಿ, ಬಸ್ಸು ಅನ್ನೋದು ಎಷ್ಟೋ ಕಡೆ ಇಲ್ಲವೇ ಇಲ್ಲ, ನಿಯಮದ ಪ್ರಕಾರ ಅವಳ ದುಡ್ಡು ಕಟ್ ಆಗುತ್ತೆ. ಸ್ವಲ್ಪ ದಿನಕ್ಕೆ ಕರೆಂಟ್ ಬಿಲ್ ಕಟ್ಟೋಕಾಗದೆ ಚಳಿಗಾಲದಲ್ಲಿ ಮನೇಲಿ ಹೀಟರ್ ಇಲ್ಲ, ಯಾರೋ ದೂರು ಕೊಡ್ತಾರೆ, ಮಕ್ಕಳ ಇಲಾಖೆ ಬಂದು "ನಿರ್ಲಕ್ಷ್ಯ" ಅಂತ ಫೈಲ್ ತೆಗೆಯುತ್ತೆ. ಒಂದು ಮೇಜು ಮಾಡಿದ ಕೆಲಸವೇ ಇನ್ನೊಂದು ಮೇಜಿಗೆ ಕೇಸಾಗಿ ಹೋಯ್ತು, ಎರಡೂ ಮೇಜಿನವರು ಒಬ್ಬರಿಗೊಬ್ಬರು ಮಾತಾಡಿಲ್ಲ ಅಷ್ಟೇ. ಆಮೇಲೆ ಮಗುವನ್ನ ಅಜ್ಜಿ ಮನೆಗೆ ಕಳಿಸ್ತಾರೆ ಅನ್ಕೊಳ್ಳಿ, ಅಜ್ಜಿಗೆ ಸಿಗೋದು ಮಗುವಿನ ಲೆಕ್ಕಕ್ಕೆ ಮಾತ್ರ ಬರೋ ಟ್ಯಾನ್ಫ್ ದುಡ್ಡು, ಅದು ಸಾಮಾನ್ಯವಾಗಿ ಫಾಸ್ಟರ್ ಕೇರ್ ಮನೆಗೆ, ಅಂದ್ರೆ ಇಲಾಖೆ ತೆಗೆದುಕೊಂಡ ಮಗುವನ್ನ ತಾತ್ಕಾಲಿಕವಾಗಿ ಸಾಕೋ ಮನೆಗೆ, ಕೊಡೋದಕ್ಕಿಂತ ಕಡಿಮೆ. ಫಾಸ್ಟರ್ ದುಡ್ಡು ಬೇಕು ಅಂದ್ರೆ ಲೈಸೆನ್ಸ್ ಬೇಕು, ರೂಮ್ ಇಷ್ಟಿರಬೇಕು ಹಾಸಿಗೆ ಹೀಗಿರಬೇಕು ಅಂತ ನೂರೆಂಟು. ಅಪರಿಚಿತರು ಸಾಕಿದ್ರೆ ಜಾಸ್ತಿ ದುಡ್ಡು, ಸ್ವಂತ ಅಜ್ಜಿ ಸಾಕಿದ್ರೆ ಕಡಿಮೆ, ಇದ್ಯಾವ ನ್ಯಾಯ ಅಂತ ನಂಗಿನ್ನೂ ಅರ್ಥ ಆಗಿಲ್ಲ. ಸಂಬಂಧಿಕರಿಗೆ ಬೇರೆಯದೇ ಲೈಸೆನ್ಸ್ ಮಾನದಂಡ ಇಡಬಹುದು ಅನ್ನೋ ಫೆಡರಲ್ ನಿಯಮ ಬಂದಿದ್ದು 2023ರಲ್ಲಿ, ಅಷ್ಟು ಲೇಟಾಗಿ.

ತಮಾಷೆ ಏನಂದ್ರೆ ಟ್ಯಾನ್ಫ್ ಕಾನೂನಿನ ಮೊದಲನೇ ಉದ್ದೇಶವೇ ಮಕ್ಕಳು ತಮ್ಮ ಮನೇಲೋ ಸಂಬಂಧಿಕರ ಮನೇಲೋ ಬೆಳೀಲಿ ಅಂತ ಬಡ ಕುಟುಂಬಕ್ಕೆ ನೆರವು ಕೊಡೋದು! ಅಂದ್ರೆ ಮಕ್ಕಳ ಇಲಾಖೆ ಹೇಳೋದೂ ಅದನ್ನೇ ತಾನೆ.

ಈ ಎರಡು ಮೇಜನ್ನ ಹತ್ತಿರ ತರೋಕೆ ದುಡ್ಡು ಬಂದಿದ್ದು 2006ರಲ್ಲಿ ಸಹಿಯಾದ ಡೆಫಿಸಿಟ್ ರಿಡಕ್ಷನ್ ಕಾನೂನಿಂದ. ಆ ಕಾನೂನು ಮದುವೆ ಗಟ್ಟಿ ಮಾಡೋಕೆ, ಅಪ್ಪಂದಿರಿಗೆ ಜವಾಬ್ದಾರಿ ಕಲಿಸೋಕೆ ಅಂತ ವರ್ಷಕ್ಕೆ 15 ಕೋಟಿ ಡಾಲರ್ ಇಟ್ಟಿತ್ತು, ಅದರೊಳಗೇ ಒಂದು ಮೂಲೇಲಿ ಬುಡಕಟ್ಟುಗಳ ಸಮನ್ವಯಕ್ಕೆ ವರ್ಷಕ್ಕೆ ಹೆಚ್ಚಂದ್ರೆ 20 ಲಕ್ಷ ಡಾಲರ್. ಇದನ್ನ ಮೂರು ಕೆಲಸಕ್ಕೆ ಬಳಸಬಹುದು, ನೆರವಿಗೆ ಅರ್ಹರಾದ ಕುಟುಂಬಗಳ ಕೇಸ್ ನಿರ್ವಹಣೆ ಸುಧಾರಿಸೋಕೆ, ಮನೆಯಿಂದ ಹೊರಗಿರೋ ಮಕ್ಕಳಿಗೂ ಅವರನ್ನ ಸಾಕ್ತಿರೋ ಬುಡಕಟ್ಟಿನ ಕುಟುಂಬಗಳಿಗೂ ಬೆಂಬಲ ಕೊಡೋಕೆ, ಮತ್ತೆ ಅಪಾಯದ ಅಂಚಲ್ಲಿರೋ ಕುಟುಂಬಗಳಿಗೆ ಮೊದಲೇ ಸಹಾಯ ಮಾಡೋಕೆ. 2011ರಲ್ಲಿ ಹಂಚಿದ ಸುತ್ತಿನಲ್ಲಿ ಬುಡಕಟ್ಟು, ಒಕ್ಕೂಟ ಎಲ್ಲ ಸೇರಿ 14ಕ್ಕೆ ಸಿಕ್ತು. 20 ಲಕ್ಷವನ್ನ 14ರಿಂದ ಭಾಗಿಸಿ ನೋಡಿ, ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು 1.4 ಲಕ್ಷ ಡಾಲರ್, ಅಮೆರಿಕದ ಸಂಬಳದ ಲೆಕ್ಕದಲ್ಲಿ ಒಬ್ಬಿಬ್ಬರು ಕೆಲಸಗಾರರು, ಒಂದಿಷ್ಟು ಪೆಟ್ರೋಲು, ಮುಗೀತು. ಆ ದೇಶದಲ್ಲಿ ಫೆಡರಲ್ ಮಾನ್ಯತೆ ಪಡೆದ ಬುಡಕಟ್ಟುಗಳು 570ಕ್ಕೂ ಹೆಚ್ಚು.

ಆದ್ರೂ ಈ ಗ್ರ್ಯಾಂಟ್ ವೇಸ್ಟ್ ಅಂತ ನಾನು ಹೇಳಲ್ಲ. ಬೇರೆ ದುಡ್ಡೆಲ್ಲ ಸೇವೆಗೆ ಅಂತ ಬರುತ್ತೆ, ಎರಡು ಆಫೀಸಿನವರು ಒಟ್ಟಿಗೆ ಕೂತು ಒಂದು ಕುಟುಂಬದ ಬಗ್ಗೆ ಮಾತಾಡೋ ಆ ಒಂದು ಗಂಟೆಗೆ ಯಾರೂ ದುಡ್ಡು ಕೊಡಲ್ಲ, ಇದು ಕೊಡುತ್ತೆ.

ಇಲ್ಲಿ ಒಂದು ಮುಳ್ಳೂ ಇದೆ, ಸಮನ್ವಯ ಅಂದ ತಕ್ಷಣ ಎಲ್ಲರೂ ತಲೆ ಆಡಿಸ್ತಾರೆ ಆದ್ರೆ ಬುಡಕಟ್ಟಿನ ತಾಯಂದಿರಿಗೆ ಮಕ್ಕಳ ಇಲಾಖೆ ಅಂದ್ರೆ ಭಯ, ಆ ಭಯ ಸುಮ್ನೆ ಬಂದಿದ್ದಲ್ಲ. ಮೊದಲು ಮೂಲನಿವಾಸಿ ಮಕ್ಕಳನ್ನ ಮನೆಯಿಂದ ದೂರ ಇಟ್ಟು ಅವರ ಭಾಷೆ, ಸಂಸ್ಕೃತಿ ಬಿಡಿಸಿದ ಕಾರ್ಲೈಲ್ ಥರದ ಬೋರ್ಡಿಂಗ್ ಸ್ಕೂಲುಗಳು, ಆಮೇಲೆ 1958ರಿಂದ 1967ರ ತನಕ ಸರ್ಕಾರವೇ ನಿಂತು ಮೂಲನಿವಾಸಿ ಮಕ್ಕಳನ್ನ ಬಿಳಿಯರ ಮನೆಗೆ ದತ್ತು ಕೊಡಿಸಿದ ಯೋಜನೆ. 1969 ಮತ್ತು 1974ರ ಸಮೀಕ್ಷೆಗಳಲ್ಲಿ ಶೇ. 25ರಿಂದ 35ರಷ್ಟು ಮೂಲನಿವಾಸಿ ಮಕ್ಕಳು ಮನೆಯಿಂದ ಬೇರೆಯಾಗಿದ್ದು ಕಂಡಿತ್ತು. ಅದಕ್ಕೇ 1978ರಲ್ಲಿ ಇಂಡಿಯನ್ ಚೈಲ್ಡ್ ವೆಲ್ಫೇರ್ ಕಾನೂನು ಬಂತು, ಮಗು ದತ್ತು ಹೋಗೋದಾದ್ರೆ ಮೊದಲು ಬಂಧುಗಳು, ಆಮೇಲೆ ಅದೇ ಬುಡಕಟ್ಟಿನವರು, ಆಮೇಲೆ ಬೇರೆ ಮೂಲನಿವಾಸಿ ಕುಟುಂಬ ಅಂತ. 2023ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಅದನ್ನ ಎತ್ತಿಹಿಡೀತು. ಇಂಥ ಇತಿಹಾಸ ಇರೋವಾಗ ದುಡ್ಡು ಕೊಡೋ ಆಫೀಸಿನವರು ಕೇಳಿದ್ದನ್ನೆಲ್ಲ ಮಕ್ಕಳ ಇಲಾಖೆಗೆ ಹೇಳ್ತಾರೆ ಅಂತ ಗೊತ್ತಾದ್ರೆ ಯಾವ ತಾಯಿ ಬಾಯಿ ಬಿಡ್ತಾಳೆ? ಕುಡಿತದ ಸಮಸ್ಯೆ, ಗಂಡ ಹೊಡಿಯೋದು, ಯಾವುದನ್ನೂ ಹೇಳಲ್ಲ. ಹಾಗಾಗಿ ಮಾಹಿತಿ ಯಾವ ದಿಕ್ಕಿಗೆ ಹರೀಬೇಕು ಅನ್ನೋದೇ ಮುಖ್ಯ. ಮಕ್ಕಳ ಇಲಾಖೆಯಿಂದ ನೆರವಿನ ಕಡೆಗೆ ಹರೀಲಿ, "ಈ ಮನೆಗೆ ಬಾಡಿಗೆ ಕಷ್ಟ, ದುಡ್ಡು ಕಟ್ ಮಾಡಬೇಡಿ" ಅಂತ. ಇನ್ನೊಂದು ದಿಕ್ಕಿಗೆ ಹರಿಯೋದಾದ್ರೆ ಆ ತಾಯಿಗೆ ಗೊತ್ತಿದ್ದು ಒಪ್ಪಿಗೆ ಇದ್ದು ಹರೀಲಿ, ಮಗುವಿಗೆ ನಿಜವಾದ ಅಪಾಯ ಇದ್ದಾಗ ಬಿಟ್ಟು. ಕೆಲಸಗಾರರೂ ಅದೇ ಊರಿನವರು, ಯಾರದೋ ಅತ್ತೆ ಮಗಳು ಇನ್ಯಾರದೋ ಚಿಕ್ಕಮ್ಮ ಆಗಿರೋ ಜಾಗದಲ್ಲಿ ಇದು ಕಾಗದದ ಮೇಲೆ ಬರೆದಷ್ಟು ಸುಲಭ ಅಲ್ಲ ಬಿಡಿ.

ನನ್ನ ತಕರಾರು ಗ್ರ್ಯಾಂಟಿನ ಸ್ವರೂಪದ ಬಗ್ಗೆ. ಇದು ಸ್ಪರ್ಧೆಯ ದುಡ್ಡು, ಅರ್ಜಿ ಚೆನ್ನಾಗಿ ಬರೆಯೋ ಸಿಬ್ಬಂದಿ ಇರೋರಿಗೆ ಸಿಗುತ್ತೆ, ಅದೂ ಕೆಲವು ವರ್ಷಕ್ಕೆ. ಅವಧಿ ಮುಗಿದ ಮೇಲೆ ಎರಡು ಆಫೀಸನ್ನ ಜೋಡಿಸೋ ಸಮನ್ವಯಕಾರರ ಸಂಬಳ ಬುಡಕಟ್ಟಿನ ಮೂಲ ಟ್ಯಾನ್ಫ್ ದುಡ್ಡಿಂದ ಬರಬೇಕು, ಅದೋ 1994ರಲ್ಲಿ ರಾಜ್ಯ ಸರ್ಕಾರ ಅಲ್ಲಿನ ಮೂಲನಿವಾಸಿ ಕುಟುಂಬಗಳಿಗೆ ಎಷ್ಟು ಖರ್ಚು ಮಾಡಿತ್ತೋ ಅದರ ಲೆಕ್ಕದ ಮೇಲೆ ನಿಂತಿದೆ, ಆವತ್ತು ರಾಜ್ಯ ಕಂಜೂಸ್ ಆಗಿದ್ರೆ ಇವತ್ತಿಗೂ ಅಷ್ಟೇ, ಬೆಲೆ ಏರಿಕೆಗೆ ತಕ್ಕ ಹಾಗೆ ಹೆಚ್ಚೋದೂ ಇಲ್ಲ. ಉದ್ಯೋಗ ತರಬೇತಿಯ ಬೇರೆ ಬೇರೆ ದುಡ್ಡನ್ನ ಸೇರಿಸಿ ಒಂದೇ ಪ್ಲಾನ್, ಒಂದೇ ರಿಪೋರ್ಟ್ ಮಾಡೋಕೆ ಬುಡಕಟ್ಟುಗಳಿಗೆ 1992ರ ಕಾನೂನೊಂದು ಅವಕಾಶ ಕೊಟ್ಟಿದೆ, ಟ್ಯಾನ್ಫನ್ನೂ ಅದರಲ್ಲಿ ಸೇರಿಸಬಹುದು. ಆ ದಾರೀಲೇ ಮಕ್ಕಳ ರಕ್ಷಣೆಯ ದುಡ್ಡನ್ನೂ ತಂದು, ಸಮನ್ವಯಕಾರರ ಹುದ್ದೆಯನ್ನ ಸ್ಪರ್ಧೆಯಿಂದ ಹೊರಗಿಟ್ಟು ಟ್ಯಾನ್ಫ್ ನಡೆಸೋ ಪ್ರತಿಯೊಂದು ಬುಡಕಟ್ಟಿಗೂ ಖಾಯಂ ಆಗಿ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಖರ್ಚು ಜಾಸ್ತಿ ಅನ್ನೋರು ಒಂದು ಮಗುವನ್ನ ವರ್ಷಗಟ್ಟಲೆ ಫಾಸ್ಟರ್ ಕೇರಲ್ಲಿ ಇಡೋಕೆ, ಅದರ ಕೋರ್ಟು ವಕೀಲರು ಓಡಾಟ ಎಲ್ಲ ಸೇರಿ ಎಷ್ಟಾಗುತ್ತೆ ಅಂತಾನೂ ಜೊತೆಗೇ ಲೆಕ್ಕ ಹಾಕಲಿ.