ಬಕೆಟ್‌ಗೆ ಬಂದದ್ದೆಷ್ಟು, ಒಳಗೆ ಉಳಿದದ್ದೆಷ್ಟು

ಹಳೇ ಲಾರಿಗಳ ಇಂಜಿನ್ ಕೆಲಸ ನನ್ನದು. ಕೂಲಂಟ್, ಅಂದರೆ ಇಂಜಿನ್ ಒಳಗೆ ಸುತ್ತಿ ಅದರ ಶಾಖ ಹೊರುವ ದ್ರವ, ಬದಲಿಸುವುದು ಅಂದರೆ ಮೊದಮೊದಲು ನನಗೆ ತೀರಾ ಚಿಕ್ಕ ಕೆಲಸ ಅನ್ನಿಸುತ್ತಿತ್ತು. ರೇಡಿಯೇಟರ್ ಕೆಳಗಿನ ಕಾಕ್ ತಿರುಗಿಸುವುದು, ಹಳೇದನ್ನು ಬಿಡುವುದು, ಪೈಪ್ ಇಟ್ಟು ನೀರು ಹಾಯಿಸುವುದು, ತಿಳಿಯಾದ ಮೇಲೆ ಹೊಸದು ತುಂಬುವುದು. ಅಷ್ಟೇ ಅಲ್ವಾ? ಒಂದು ಹಳೇ ಡೀಸೆಲ್ ಲಾರಿ ಬಂದು ಈ ನಂಬಿಕೆಯನ್ನು ಕೆಡವಿತು.

ಲೋಡ್ ಹಾಕಿ ಏರು ಹತ್ತಿದರೆ ಸಾಕು, ಇಂಜಿನ್ ಮಿತಿಮೀರಿ ಬಿಸಿಯಾಗಿ ಕಾಯುತ್ತಿತ್ತು. ಕೂಲಂಟ್ ನೋಡಿದೆ, ತುಕ್ಕಿನ ಬಣ್ಣ. ಮೇಲೆ ಹೇಳಿದ ಹಾಗೆಯೇ ಫ್ಲಶ್ ಮಾಡಿದೆ. ಪೈಪ್‌ನಿಂದ ಬಂದ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು, ನನಗೂ ಖುಷಿಯಾಯಿತು. ಅಂಗಡಿಯಲ್ಲಿ ಸಿಗುವ, ಮೊದಲೇ ಅರ್ಧಕ್ಕರ್ಧ ನೀರು ಬೆರೆಸಿದ ಕೂಲಂಟ್ ತಂದು ತುಂಬಿ ಕಳಿಸಿದೆ. ಎರಡು ವಾರಕ್ಕೆ ಗಾಡಿ ವಾಪಸ್ ಬಂತು. ಮತ್ತೆ ಕಾಯುತ್ತಿದೆ. ಮುಚ್ಚಳ ತೆಗೆದು ನೋಡಿದರೆ ಕೂಲಂಟ್ ಮತ್ತೆ ಕಂದು ಬಣ್ಣ!

ನಮ್ಮ ಮೇಸ್ತ್ರಿ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಲೀಟರ್ ಬಿಟ್ಟೆ, ಎಷ್ಟು ಲೀಟರ್ ಹಾಕಿದೆ?" ಹಾಕಿದ್ದು 11 ಲೀಟರ್ ಅಂತ ಡಬ್ಬಿ ನೋಡಿ ಹೇಳಿದೆ. ಬಿಟ್ಟದ್ದನ್ನು ಅಳೆದೇ ಇರಲಿಲ್ಲ. ಆ ಗಾಡಿಗೆ ಒಟ್ಟು ಹಿಡಿಯುವುದು 20 ಲೀಟರ್. ಹಾಗಾದರೆ ಉಳಿದ 9 ಲೀಟರ್ ಎಲ್ಲಿತ್ತು? ಇಂಜಿನ್ ಬ್ಲಾಕ್ ಒಳಗೆ, ಆಯಿಲ್ ಕೂಲರ್‌ನಲ್ಲಿ, ಕ್ಯಾಬಿನ್ ಹೀಟರ್‌ನಲ್ಲಿ, ಹೋಸ್‌ಗಳಲ್ಲಿ. ಅದು ಅಲ್ಲಿಂದ ಕದಲಿರಲೇ ಇಲ್ಲ.

ನನ್ನ ತಪ್ಪು ಆಗ ಅರ್ಥವಾಯಿತು. ಪೈಪ್‌ನಿಂದ ಹಾಯಿಸಿದ್ದು ತಣ್ಣೀರು. ಇಂಜಿನ್ ನೀರು ಬಿಸಿಯಾದಾಗ ಮಾತ್ರ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್ ಒಂದಿದೆ, ಥರ್ಮೋಸ್ಟಾಟ್ ಅಂತ. ತಣ್ಣೀರಿಗೆ ಅದು ತೆರೆಯುವುದಿಲ್ಲ. ಅದು ಮುಚ್ಚಿದ್ದರೆ ನೀರು ರೇಡಿಯೇಟರ್‌ನಲ್ಲೇ ಸುತ್ತಿ ಹೊರಗೆ ಬೀಳುತ್ತದೆ, ಬ್ಲಾಕ್ ಒಳಗೆ ಸರಿಯಾಗಿ ಹರಿಯುವುದೇ ಇಲ್ಲ. ನಾನು ನೋಡಿ ಖುಷಿಪಟ್ಟ ತಿಳಿನೀರು ಬರೀ ರೇಡಿಯೇಟರ್‌ನದ್ದು.

ಈ ಸಲ ಮೊದಲಿಂದ ಶುರು ಮಾಡಿದೆವು. ಇಂಜಿನ್ ಪೂರ್ತಿ ಆರುವವರೆಗೆ ಕಾದೆವು. ಇದರಲ್ಲಿ ಅವಸರ ಬೇಡವೇ ಬೇಡ. 15 ಪಿಎಸ್‌ಐ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ಬರೀ ನೀರೇ ಇದ್ದರೂ ಸುಮಾರು 120 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ಅಷ್ಟೂ ನೀರು ಕುದಿದು ಮುಖಕ್ಕೇ ಎಗರುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ರೇಡಿಯೇಟರ್ ಖಾಲಿಯಾದ ಮೇಲೆ ಬ್ಲಾಕ್ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಖಾಲಿ ಇದೆ ಅಂದುಕೊಂಡೆ. ಮೇಸ್ತ್ರಿ ಒಂದು ತಂತಿ ಕೊಟ್ಟು "ಚುಚ್ಚು" ಅಂದರು. ಎರಡು ಸಲ ಚುಚ್ಚಿದೆ, ಗಟ್ಟಿ ಕೆಸರು ಕದಲಿ ಉಂಡೆ ಉಂಡೆಯಾಗಿ ಬಿತ್ತು, ಅದರ ಹಿಂದೆಯೇ ಇಟ್ಟಿಗೆ ಬಣ್ಣದ ನೀರು ಸುರಿಯಿತು. ವರ್ಷಗಟ್ಟಲೆ ಸೇರಿದ ತುಕ್ಕು ಮತ್ತು ಸುಣ್ಣ. ಕೊಳಾಯಿ ನೀರನ್ನೇ ತುಂಬುತ್ತಾ ಬಂದ ಗಾಡಿಗಳಲ್ಲಿ ಇದು ಜಾಸ್ತಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಸಿಲಿಂಡರ್ ಸುತ್ತ ಕಟ್ಟುತ್ತದೆ. ಅದು ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ಬಿಸಿ ತೋರಿಸುವ ಗೇಜ್‌ನಲ್ಲಿ ಮುಳ್ಳು ಅಷ್ಟೇನೂ ಏರದೆ ಇದ್ದರೂ ಒಳಗಿನ ಲೋಹ ಬೇಯುತ್ತಿರುತ್ತದೆ.

ಥರ್ಮೋಸ್ಟಾಟ್ ತೆಗೆದು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆವು. ಮೈಮೇಲೆ 82 ಅಂತ ಒತ್ತಿತ್ತು, ಅಂದರೆ 82 ಡಿಗ್ರಿಗೆ ತೆರೆಯಲು ಶುರುವಾಗಬೇಕು. ನೀರು 90 ಡಿಗ್ರಿ ದಾಟಿದರೂ ಅದು ಕೂದಲೆಳೆಯಷ್ಟೇ ತೆರೆದಿತ್ತು. ಹೊಸದು ಬೇಕೇ ಬೇಕು. ಕೆಲವರು ಇದನ್ನು ಕಿತ್ತೆಸೆದು ಹಾಗೇ ಓಡಿಸುತ್ತಾರೆ. ನಾನು ಒಪ್ಪುವುದಿಲ್ಲ. ಇಂಜಿನ್ ಬೆಚ್ಚಗಾಗದೆ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಸದಾ ತೆರೆದೇ ಇರುತ್ತದೆ, ಬಹಳಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಮತ್ತೆ ಇಂಜಿನ್‌ಗೇ ಬರುತ್ತದೆ. ಆಗ ಇನ್ನೂ ಜಾಸ್ತಿ ಕಾಯುತ್ತದೆ.

ಥರ್ಮೋಸ್ಟಾಟ್ ಕೂರುತ್ತಿದ್ದ ಖಾಲಿ ಜಾಗದಿಂದ ಬ್ಲಾಕ್‌ಗೆ, ರೇಡಿಯೇಟರ್‌ಗೆ ಕೆಳಗಿನಿಂದ ಮೇಲಕ್ಕೆ, ಹೀಟರ್‌ಗೆ ಬೇರೆಯಾಗಿ ನೀರು ಹಾಯಿಸಿದೆವು, ಎಲ್ಲ ಕಡೆಯೂ ದಿನಾ ಹರಿಯುವ ದಿಕ್ಕಿಗೆ ಉಲ್ಟಾ. ನಲ್ಲಿ ಪೂರ್ತಿ ತೆರೆಯಲಿಲ್ಲ. ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರ್‌ನ ಬೆಸುಗೆ ಜಾಸ್ತಿ ಒತ್ತಡ ತಡೆಯುವುದಿಲ್ಲ. ಕೆಳಗಿನ ಹೋಸ್ ಹಿಸುಕಿದರೆ ಮೆತ್ತಗಿತ್ತು, ಅದನ್ನೂ ಬದಲಿಸಿದೆವು. ಪಂಪ್ ಅಲ್ಲಿಂದಲೇ ಎಳೆಯುತ್ತದೆ, ಮೆತ್ತಗಾದ ಹೋಸ್ ವೇಗದಲ್ಲಿ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಕೊನೆಯ ಸುತ್ತು ಮಾತ್ರ ಡಿಸ್ಟಿಲ್ಡ್ ವಾಟರ್. ಯಾಕೆ ಅಂದರೆ ಎಷ್ಟೇ ಬಿಟ್ಟರೂ ಸ್ವಲ್ಪ ಒಳಗೆ ಉಳಿಯುತ್ತದೆ, ಉಳಿಯುವುದು ಸುಣ್ಣದ ನೀರು ಆಗಬಾರದು.

ಈಗ ತುಂಬುವ ಲೆಕ್ಕ. ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದು. ಮೊದಲ ಸಲ ನಾನು ಹಾಕಿದ 11 ಲೀಟರ್‌ನಲ್ಲಿ ನಿಜವಾದ ಕೂಲಂಟ್ ಐದೂವರೆ ಲೀಟರ್, ಉಳಿದದ್ದು ನೀರು. ಒಳಗೆ ಕೂತಿದ್ದ 9 ಲೀಟರ್ ಹಳೇ ನೀರಿನ ಜೊತೆ ಸೇರಿ 20 ಲೀಟರ್‌ಗೆ ಐದೂವರೆ, ಅಂದರೆ ನೂರಕ್ಕೆ 27 ಭಾಗ ಚಿಲ್ಲರೆ. ಇರಬೇಕಾದದ್ದು 50. ತುಕ್ಕು ತಡೆಯುವ ಮದ್ದೂ ಅಷ್ಟೇ ಕಡಿಮೆಯಾಯಿತು. ಆದ್ದರಿಂದ ಫ್ಲಶ್ ಮಾಡಿದ ಗಾಡಿಗೆ ಬೆರೆಸಿದ ಕೂಲಂಟ್ ಹಾಕಬೇಡಿ. ನೀರು ಬೆರೆಸದ ಕೂಲಂಟ್ ತನ್ನಿ. ಒಟ್ಟು ಹಿಡಿತದ ಅರ್ಧದಷ್ಟನ್ನು ಮೊದಲು ಹಾಕಿ, ನಮ್ಮದಕ್ಕೆ 10 ಲೀಟರ್. ಆಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ಬಾಯಿವರೆಗೆ ತುಂಬಿ. ಈ ಸಲ ಬಕೆಟ್‌ಗೆ 16 ಲೀಟರ್ ಬಂದಿತ್ತು, ಒಳಗೆ 4 ಉಳಿದಿತ್ತು. ಹಾಗಾಗಿ 10 ಕೂಲಂಟ್, 6 ನೀರು. ಬರೀ ಕೂಲಂಟ್ ತುಂಬಿದರೆ ಇನ್ನೂ ಒಳ್ಳೆಯದು ಅನ್ನುವವರಿದ್ದಾರೆ, ಅದು ತಪ್ಪು. ಶಾಖ ಹೊರುವುದರಲ್ಲಿ ನೀರೇ ಮೇಲು.

ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಹಸಿರು, ಕೆಂಪು, ಹಳದಿ ಎಲ್ಲ ತಯಾರಿಸುವವರು ಹಾಕುವ ಬಣ್ಣ ಅಷ್ಟೇ. ಹಳೇ ಹೆವಿ ಡೀಸೆಲ್ ಇಂಜಿನ್‌ಗಳಲ್ಲಿ ಬಹಳಷ್ಟು ವೆಟ್ ಲೈನರ್‌ನವು, ಅಂದರೆ ಪಿಸ್ಟನ್ ಆಡುವ ಕೊಳವೆಯ (ಲೈನರ್) ಹೊರಮೈಗೆ ಕೂಲಂಟ್ ನೇರವಾಗಿ ತಾಗುತ್ತದೆ. ಲೈನರ್ ಅದುರಿದಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ, ಆ ಹೊಡೆತಕ್ಕೆ ಲೋಹದಲ್ಲಿ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ, ಕೊನೆಗೆ ನೀರು ಆಯಿಲ್‌ಗೆ ಸೇರುತ್ತದೆ. ಇದನ್ನು ತಡೆಯುವ ಮದ್ದು ಇರುವ ಹೆವಿ ಡ್ಯೂಟಿ ಕೂಲಂಟೇ ಬೇಕು. ಡಬ್ಬಿಯ ಮೇಲೆ ಓದಿ, ಗಾಡಿಯ ಪುಸ್ತಕದ ಜೊತೆ ತಾಳೆ ನೋಡಿ.

ತುಂಬುವಾಗ ನಿಧಾನ. ಹೀಟರ್ ಬಿಸಿ ಕಡೆಗಿರಲಿ, ರೇಡಿಯೇಟರ್ ಬಾಯಿ ಎತ್ತರದಲ್ಲಿರುವ ಹಾಗೆ ಗಾಡಿ ನಿಲ್ಲಿಸಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ ಲೆಕ್ಕ, ಆಗ ಗುಳ್ಳೆ ಬಂದು ಮಟ್ಟ ಇಳಿಯುತ್ತದೆ. ತುಂಬಿ, ಮುಚ್ಚಳ ಹಾಕಿ. ಗೇಜ್ ಒಂದನ್ನೇ ನಂಬಬೇಡಿ. ಸೆನ್ಸರ್ ಇರುವ ಕಡೆ ಗಾಳಿ ಸಿಕ್ಕಿಕೊಂಡಿದ್ದರೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ಬಿಟ್ಟ ಹಳೇ ಕೂಲಂಟ್‌ನ ಬಕೆಟ್ ಅಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ರುಚಿ ಸಿಹಿ, ನಾಯಿಗಳು ನೆಕ್ಕುತ್ತವೆ, ಸ್ವಲ್ಪಕ್ಕೇ ಸಾಯುತ್ತವೆ. ಮಕ್ಕಳಿಗೂ ಅಪಾಯ. ಚರಂಡಿಗೆ ಸುರಿಯದೆ ಮುಚ್ಚಳದ ಕ್ಯಾನ್‌ಗೆ ತುಂಬಿ, ಹಳೇ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿ ಕೊಡಿ.

ಆ ಲಾರಿ ಲೋಡ್ ಹೊತ್ತು ಏರು ಹತ್ತಿ ಬಂತು, ಮುಳ್ಳು ಕದಲಲಿಲ್ಲ. ಮೂರನೇ ದಿನ ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದೆ. ಬಣ್ಣ ಹಾಗೇ ಇತ್ತು, ಉಳಿದಿದ್ದ ಗಾಳಿ ಹೋಗಿ ಇನ್ನೂ ಅರ್ಧ ಲೀಟರ್ ಹಿಡಿಯಿತು. ಬಾನೆಟ್ ಒಳಗೆ ಅಂಟಿಸಿದ ಚೀಟಿಯಲ್ಲಿ ತಾರೀಕು, ಬಿಟ್ಟದ್ದು 16, ಹಾಕಿದ್ದು 16 ಅಂತ ಬರೆದಿದ್ದೆ. ಕೆಳಗೆ ಆ ಅರ್ಧವನ್ನೂ ಸೇರಿಸಿದೆ.