ಜೇಬಿನಲ್ಲಿ ಮಂಡಕ್ಕಿ

ಹೋದ ತಿಂಗಳು ನಮ್ಮ ಲೆಕ್ಕದ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆ. ಅವರು ಕಲಿಸಿದ ಬೀಜಗಣಿತ ಒಂದಿಷ್ಟೂ ನೆನಪಿಗೆ ಬರಲಿಲ್ಲ. ದಾರಿಯುದ್ದಕ್ಕೂ ಕಣ್ಣ ಮುಂದೆ ಇದ್ದವನು ನನ್ನ ಪಕ್ಕ ಕೂರುತ್ತಿದ್ದ ಹುಡುಗ.

1978ರಲ್ಲಿ ನಾವು ಎಂಟನೇ ಕ್ಲಾಸು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅವನ ಅಪ್ಪ, ಅವ್ವ ಇಬ್ಬರೂ ಮಂಡಕ್ಕಿ ಭಟ್ಟಿಯ ಕೂಲಿಗಳು. ನಡುರಾತ್ರಿ ಎದ್ದು ಒಲೆಗೆ ಹೊಟ್ಟು ಎರಚುತ್ತಾ, ಕಾದ ಮರಳಲ್ಲಿ ಅಕ್ಕಿ ಹುರಿಯುವ ಕೆಲಸ. ಅವನ ಅಂಗಿಗೆ ಸದಾ ಹೊಗೆ ವಾಸನೆ. ಜೇಬಿನಲ್ಲಿ ನಮಗೆಲ್ಲ ಸಾಕಾಗುವಷ್ಟು ಮಂಡಕ್ಕಿ.

ತಿಂಗಳಿಗೆ ಹತ್ತು ದಿನ ಅವನು ಬರುತ್ತಿರಲಿಲ್ಲ. ಸುಮ್ಮನೆ ಎಡವಿದರೂ ಮೊಣಕಾಲು ಊದಿ, ಮಡಚಲೂ ಆಗದೆ ಮಲಗಿಬಿಡುತ್ತಿದ್ದ. ಅದು ಕುಸುಮ ರೋಗ, ರಕ್ತ ಹೆಪ್ಪುಗಟ್ಟಿಸುವ ಅಂಶವೇ ಮೈಯಲ್ಲಿ ಸಾಲದೆ ಕೀಲಿನೊಳಗೆ ರಕ್ತ ಸೋರುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ. ಅವನ ಸೋದರಮಾವನೂ ಸಣ್ಣ ವಯಸ್ಸಿನಲ್ಲೇ ಹೋಗಿದ್ದನಂತೆ. ಓಣಿಯವರು ಶಾಪ ಅಂದರು. ಅವ್ವ ದುಗ್ಗಮ್ಮನಿಗೆ ಹರಕೆ ಹೊತ್ತಳು. ನೋವಿಗೆಂದು ನುಂಗಿಸುತ್ತಿದ್ದ ಆಸ್ಪಿರಿನ್ ರಕ್ತಸ್ರಾವವನ್ನು ಇನ್ನೂ ಹೆಚ್ಚಿಸುತ್ತದೆ ಎಂದು ಹೇಳುವವರು ಆ ಓಣಿಯಲ್ಲಿ ಯಾರಿದ್ದರು?

ಒಂಬತ್ತನೇ ಕ್ಲಾಸಿನ ವರ್ಷವಿಡೀ ಅವನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದವನು ನಾನು. ಆಮೇಲೆ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೇರಿ ನಿವೃತ್ತನಾದೆ, ಸನ್ಮಾನಗಳೂ ಆದವು. ಹೆಮ್ಮೆಯಿಂದ ಹೇಳಿಕೊಳ್ಳಬೇಕು ಅನಿಸುವುದು ಮಾತ್ರ ಆ ಸೈಕಲ್ಲಿನ ಸಂಗತಿ. ಅವನು ಮಲಗಿದಾಗ ಭಾನುವಾರ ಭಟ್ಟಿಯ ಹೊಗೆಯಲ್ಲೇ ಕೂತು ಪಾಠ ಹೇಳಿ ಬರುತ್ತಿದ್ದವರು ಮೇಷ್ಟ್ರು. ಈಗ ಹಾಜರಾತಿ ಸಾಲದು, ಫಲಿತಾಂಶ ಕೆಡುತ್ತದೆ ಎಂದು ಕಾಯಿಲೆಯ ಮಕ್ಕಳ ಕೈಗೆ ಟಿಸಿ ಕೊಡುವ ಮಾತು ಕಿವಿಗೆ ಬಿದ್ದಾಗ ಹೊಟ್ಟೆ ಉರಿಯುತ್ತದೆ.

1980ರಲ್ಲಿ ಅವನಿಗೆ ಒಂದು ಹಲ್ಲು ಕೀಳಿಸಿದರು. ರಕ್ತ ನಿಲ್ಲಲಿಲ್ಲ. ಮೂರನೇ ದಿನ ಹೋದ. ಹದಿನೈದು ತುಂಬಿರಲಿಲ್ಲ. ಇವತ್ತಾಗಿದ್ದರೆ, ಮೊದಲೇ ಗೊತ್ತಿದ್ದರೆ, ಆ ಕೊರತೆಯ ಅಂಶವನ್ನೇ ಸೂಜಿಯಲ್ಲಿ ಕೊಟ್ಟು ಆಮೇಲೆ ಹಲ್ಲಿಗೆ ಕೈ ಹಾಕುತ್ತಿದ್ದರು. ನಮ್ಮ ದಾವಣಗೆರೆಯಲ್ಲೇ ಈಗ ಕುಸುಮ ರೋಗಿಗಳಿಗಾಗಿ ದುಡಿಯುವ ಸಂಘವಿದೆ.

ಅವನು ಹೋಗುವ ಕೆಲವೇ ತಿಂಗಳ ಹಿಂದಿನ ಮಾತು. ಮೇಷ್ಟ್ರು ಬರುವ ಮುಂಚೆ ಬೋರ್ಡಿನ ಕೆಳಗೆ ಅವನ ಜೇಬಿನ ಮಂಡಕ್ಕಿ ಹರಡಿದೆವು. ಕಾಲಿಟ್ಟರೆ ಚರಚರ ಸದ್ದು. ಇಡೀ ಕ್ಲಾಸು ಗೊಳ್ಳೆಂದಿತು. "ಯಾರೋ ಇದು?" ನಾಲ್ವರು ಎದ್ದು ಏಟು ತಿಂದೆವು. ಕೊನೆಗೆ ಬೆಂಚು ಹಿಡಿದುಕೊಂಡು ಅವನೂ ಎದ್ದ.

"ನೀನು ಕೂರಪ್ಪ."

"ಮಂಡಕ್ಕಿ ನಂದೇ ಸಾರ್. ನಂಗೂ ಹೊಡೀರಿ."

ಮೇಜಿನ ಹತ್ತಿರ ಬಂದು ಕೈ ಚಾಚಿಯೇ ನಿಂತ. ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಬೆತ್ತ ಎತ್ತಿ, ಅವನ ಅಂಗೈ ಪಕ್ಕದಲ್ಲಿ ಮೇಜಿನ ಮೇಲೆ ಛಟೀರ್ ಅಂತ ಬಾರಿಸಿದರು. ಅವನು ನಮ್ಮಂತೆಯೇ ಕೈ ಒದರಿ, ಕಂಕುಳಲ್ಲಿ ಇಟ್ಟುಕೊಂಡು ಕೂತ.

ಸಂಜೆ ಭಟ್ಟಿಯ ಮುಂದೆ ಸೈಕಲ್ಲು ನಿಲ್ಲಿಸುವ ಮೊದಲೇ ಕೂಗಿದ: "ಅವ್ವಾ, ಇವತ್ತು ನಂಗೂ ಏಟು ಬಿತ್ತು!"

ಅವಳು ಮೊರ ಅಲ್ಲೇ ಬಿಟ್ಟು ಓಡಿ ಬಂದಳು. ಅವನ ಅಂಗೈಯನ್ನು ಒಲೆಯ ಬೆಳಕಿಗೆ ಹಿಡಿದು, ಒಂದೊಂದೇ ಬೆರಳು ಒತ್ತಿ ಒತ್ತಿ ನೋಡಿದಳು. ಎಲ್ಲೂ ಊದಿರಲಿಲ್ಲ.