ಅಪ್ಪ-ಅಮ್ಮ, ಮಕ್ಕಳ ಜೊತೆ ಅಲಮೀಡಾ ಕೌಂಟಿ ಫೇರ್‌ಗೆ ಹೋಗುವವರಿಗೆ

ಜೂನ್ ಬಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಷ್ಟೋ ಕನ್ನಡದ ಮನೆಗಳಲ್ಲಿ ಊರಿಂದ ಬಂದ ಅಪ್ಪ-ಅಮ್ಮ ಇರುತ್ತಾರೆ. ಮಕ್ಕಳಿಗೂ ಶಾಲೆ ಇರುವುದಿಲ್ಲ. ಮೂರು ತಲೆಮಾರಿಗೂ ಒಪ್ಪುವ ಜಾಗ ಯಾವುದು ಎಂದು ಹುಡುಕುತ್ತಿದ್ದರೆ ಪ್ಲೆಸಂಟನ್‌ನಲ್ಲಿ ನಡೆಯುವ, ದನ-ಕುರಿ ಪ್ರದರ್ಶನ, ಆಟದ ರೈಡ್ ಎಲ್ಲ ಇರುವ ಜಾತ್ರೆಯಂಥ ಅಲಮೀಡಾ ಕೌಂಟಿ ಫೇರ್‌ಗೆ ಹೋಗಿ. ನಾವು ಹೋಗಿ ಬಂದೆವು. ರಾತ್ರಿ ಮನೆ ಸೇರಿದಾಗ ಯಾರಿಗೂ ಮಾತಾಡುವ ಶಕ್ತಿ ಇರಲಿಲ್ಲ, ನಿಜ. ಆದರೂ ಹೋಗಿ ಎಂದೇ ಹೇಳುತ್ತೇನೆ. ಒಂದು ಮಾತು ಮಾತ್ರ ನೆನಪಿಡಿ: ಗೇಟ್ ತೆರೆದ ಕೂಡಲೇ ಒಳಗೆ ಹೋಗಿ, ಮೊದಲು ದನ-ಕುರಿ ಕಟ್ಟಿರುವ ಕಡೆಗೆ ನಡೆಯಿರಿ. ರೈಡ್‌ಗಳು ಆಮೇಲೆ.

ಹೀಗೆ ಹೇಳಲು ಮುಖ್ಯ ಕಾರಣ ಬಿಸಿಲು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುವ ದಿನವೇ ಇಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು, ಅಂದರೆ 35 ಡಿಗ್ರಿ ಸೆಲ್ಸಿಯಸ್. ಸಮುದ್ರದ ಗಾಳಿಗೆ ನಡುವೆ ಗುಡ್ಡಗಳು ಅಡ್ಡ ಇವೆ. ಮಧ್ಯಾಹ್ನದ ಹೊತ್ತಿಗೆ ಪ್ರಾಣಿಗಳೂ ನಿದ್ದೆಗೆ ಜಾರುತ್ತವೆ. ಬೆಳಗ್ಗೆಯಾದರೆ ಮೈ ತೊಳೆಸಿಕೊಳ್ಳುತ್ತಾ, ಮೇವು ತಿನ್ನುತ್ತಾ ಚುರುಕಾಗಿರುತ್ತವೆ.

ಇಡೀ ಫೇರ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ ಭಾಗ. ಕುರಿ, ಮೇಕೆ, ಹಂದಿ, ದನ ಎಲ್ಲವನ್ನೂ ಸಾಕಿ ತಂದಿರುವವರು ಮಕ್ಕಳು. ಕೆಲವರು 1902ರಲ್ಲಿ ಓಹಾಯೋದಲ್ಲಿ ಶುರುವಾದ ಫೋರ್-ಎಚ್ ಎಂಬ ಮಕ್ಕಳ ಸಂಘದವರು, ಕೆಲವರು ಹೈಸ್ಕೂಲಿನಲ್ಲಿ ಕೃಷಿ ಕಲಿಯುವವರ ಎಫ್‌ಎಫ್‌ಎ ಗುಂಪಿನವರು. ಮರಿ ತಂದು, ತಿಂಗಳುಗಟ್ಟಲೆ ಮೇವು ಹಾಕಿ, ತೂಕ ನೋಡಿ, ಖರ್ಚಿನ ಲೆಕ್ಕ ಬರೆದಿಟ್ಟು ಇಲ್ಲಿಗೆ ತರುತ್ತಾರೆ. ನಮ್ಮಪ್ಪ ತಿಪಟೂರು ಕಡೆಯವರು, ದನಗಳ ಜೊತೆ ಬೆಳೆದವರು. ಒಬ್ಬಳು ಹುಡುಗಿ ತನ್ನ ಹಸುವಿನ ಬೆನ್ನು ಉಜ್ಜುತ್ತಿದ್ದಳು. ಅವಳ ಹತ್ತಿರ ನಿಂತು ಏನು ಮೇವು, ಎಷ್ಟು ಹಾಲು, ಕರು ಯಾವಾಗ ಹಾಕಿತು ಅಂತೆಲ್ಲ ಕೇಳಿದರು. ಮಧ್ಯೆ ನಾನು ಅನುವಾದಕ. ಅಮೆರಿಕಕ್ಕೆ ಬಂದ ಮೇಲೆ ಅಪ್ಪ ಹೊರಗಿನವರ ಜೊತೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಆ ಹುಡುಗಿಯೂ ಬೇಸರವಿಲ್ಲದೆ ಉತ್ತರ ಕೊಟ್ಟಳು. ಇಲ್ಲಿನ ಮಕ್ಕಳನ್ನು ಧೈರ್ಯವಾಗಿ ಮಾತಾಡಿಸಿ.

ಒಂದು ವಿಷಯ ಮನೆಯಲ್ಲೇ ಮಕ್ಕಳಿಗೆ ಹೇಳಿ ಕರೆದುಕೊಂಡು ಹೋಗುವುದು ಒಳ್ಳೆಯದು. ಕುರಿ, ಹಂದಿಗಳಲ್ಲಿ ಬಹಳಷ್ಟನ್ನು ಕೊನೆಗೆ ಹರಾಜು ಹಾಕುತ್ತಾರೆ, ಅವು ಮಾಂಸಕ್ಕೆ ಹೋಗುತ್ತವೆ. ಸಾಕಿದ ಮಕ್ಕಳೇ ಅಳುವುದುಂಟು. ನನ್ನ ಮಗಳು "ಈ ಮರಿ ವಾಪಸ್ ಮನೆಗೆ ಹೋಗುತ್ತಾ?" ಎಂದು ಕೇಳಿದಳು. ಸುಳ್ಳು ಹೇಳಲಿಲ್ಲ. ಮಕ್ಕಳು ತುಂಬಾ ಸೂಕ್ಷ್ಮವಾಗಿದ್ದರೆ ವೇಳಾಪಟ್ಟಿ ನೋಡಿ, ಹರಾಜು ಇಲ್ಲದ ದಿನ ಹೋಗಿ.

ಪ್ರಾಣಿಗಳನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಸಗಣಿಯಿಂದ ಕೈಗೆ ಅಂಟಬಹುದಾದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ ಅಪಾಯ. ಸ್ಯಾನಿಟೈಸರ್ ಸೋಪಿನ ಕೆಲಸ ಮಾಡುವುದಿಲ್ಲ.

ಬಿಸಿಲು ಏರಿದ ಮೇಲೆ ಪ್ರದರ್ಶನದ ಹಾಲ್‌ಗಳಿಗೆ ಬನ್ನಿ. ಜಾಮ್, ಉಪ್ಪಿನಕಾಯಿ, ಕೇಕ್, ಕೌದಿಯಂಥ ಕ್ವಿಲ್ಟ್‌ಗಳು, ಎಲ್ಲಾ ಮನೆಯಲ್ಲೇ ಮಾಡಿದ್ದು. ನೀಲಿ ರಿಬ್ಬನ್ ಅಂದರೆ ಮೊದಲ ಬಹುಮಾನ, ಕೆಂಪು ಎರಡನೆಯದು. ಅಮ್ಮ ಕ್ವಿಲ್ಟ್‌ಗಳ ಹೊಲಿಗೆಯನ್ನು ಹತ್ತಿರದಿಂದ ನೋಡಿ ನೋಡಿ ಮುಂದೆ ಹೋಗುತ್ತಿದ್ದರು. ನಮ್ಮ ಅಮ್ಮಂದಿರು ಹಾಕುವ ಕಸೂತಿ ಇಲ್ಲಿ ಯಾಕೆ ಇರಬಾರದು ಅನಿಸಿತು. ಆಸಕ್ತಿ ಇದ್ದವರು ಫೇರ್‌ಗೆ ಬಹಳ ಮುಂಚೆಯೇ ಹೆಸರು ಕೊಡಬೇಕು.

ಊಟದ ವಿಷಯ ಸ್ವಲ್ಪ ಕಷ್ಟ. ಸಸ್ಯಾಹಾರಿಗಳಿಗೆ ಸುಟ್ಟ ಮುಸುಕಿನ ಜೋಳ, ನಿಂಬೆ ಶರಬತ್ತು, ಪಾಪ್‌ಕಾರ್ನ್ ಸಿಗುತ್ತವೆ. ಒಂದು ಪುಟ್ಟ ಡಬ್ಬಿಯಲ್ಲಿ ಉಪ್ಪು-ಖಾರ ಇಟ್ಟುಕೊಳ್ಳಿ, ಜೋಳಕ್ಕೆ ಹಚ್ಚಿ ಕೊಟ್ಟರೆ ಹಿರಿಯರಿಗೆ ಖುಷಿ. ಕಾರ್ನ್ ಡಾಗ್ ಅಂದರೆ ಜೋಳದ ತಿಂಡಿಯಲ್ಲ. ಮುಸುಕಿನ ಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಮಾಂಸದ ಸಾಸೇಜ್ ಅದು. ಆಲೂ ಫ್ರೈಸ್ ಕೂಡ ಅದೇ ಎಣ್ಣೆಯಲ್ಲಿ ಕರಿದಿರಬಹುದು, ಕೇಳಿ ತೆಗೆದುಕೊಳ್ಳಿ. ಫನಲ್ ಕೇಕ್ ನೋಡಲು ಪಾಕವಿಲ್ಲದ ದೊಡ್ಡ ಜಿಲೇಬಿ ಹಾಗಿರುತ್ತದೆ, ಮೇಲೆ ಸಕ್ಕರೆ ಪುಡಿ. ಅದರ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಎಲ್ಲದಕ್ಕೂ ಬೆಲೆ ಜಾಸ್ತಿ. ಹೊಟ್ಟೆ ತುಂಬಾ ತಿಂಡಿ ತಿಂದು ಹೊರಡಿ. ನೀರಿನ ಬಾಟಲಿ, ಬುತ್ತಿ ಒಳಗೆ ಬಿಡುತ್ತಾರಾ, ಹೊರಗೆ ಹೋಗಿ ಮತ್ತೆ ಬರಬಹುದಾ ಎಂದು ಆ ವರ್ಷದ ನಿಯಮ ನೋಡಿಕೊಳ್ಳಿ.

ರೈಡ್‌ಗಳ ದುಡ್ಡು ಪ್ರವೇಶದ ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ಪ್ರತಿ ರೈಡ್‌ಗೂ ಎತ್ತರದ ಅಳತೆ ಇರುತ್ತದೆ. ಮನೆಯಲ್ಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ. 42 ಇಂಚಿಗಿಂತ ಕುಳ್ಳಗಿರುವ ಮಗುವಿಗೆ ಹತ್ತಲು ಬಿಡುವ ರೈಡ್ ಕಡಿಮೆ. ಅಂಥ ಮಗುವಿಗೆ ಇಡೀ ದಿನ ರೈಡ್ ಹತ್ತಲು ಕೈಗೆ ಕಟ್ಟುವ ಪಟ್ಟಿ ಕೊಂಡರೆ ದುಡ್ಡು ದಂಡ. ಬಿಸಿಲು ಇಳಿದ ಮೇಲೆ ಒಂದೆರಡು ಹತ್ತಿಸಿದರೆ ಸಾಕು.

ಅಜ್ಜ-ಅಜ್ಜಿಗೆ ಸಂಜೆವರೆಗೂ ನಡೆಯುವುದು ಆಗುವುದಿಲ್ಲ. ಆಗಿಂದಾಗ್ಗೆ ನೆರಳಲ್ಲಿ ಕೂರಿಸಿ. ಮೆತ್ತನೆ ಶೂ, ಟೋಪಿ, ಬಿಪಿ ಮಾತ್ರೆ ಮರೆಯಬೇಡಿ. ಎರಡು ಕಾರಿದ್ದರೆ ಎರಡನ್ನೂ ತನ್ನಿ. ಮಧ್ಯಾಹ್ನವೇ ಸಾಕಾದವರು ಒಂದರಲ್ಲಿ ಮನೆಗೆ ಹೊರಡಬಹುದು, ರೈಡ್ ಬೇಕೆನ್ನುವ ಮಕ್ಕಳು ಉಳಿಯಬಹುದು. ಕತ್ತಲಾದ ಮೇಲೆ ಗಾಳಿ ತಣ್ಣಗಾಗುತ್ತದೆ, ಉಳಿಯುವವರ ಚೀಲದಲ್ಲಿ ಒಂದೊಂದು ಸ್ವೆಟರ್ ಇರಲಿ.